ಸಾಮಾನು ಸಿಗುತ್ತದೆ, ಕೈ ಸಿಗಬೇಕು

ಹಳೆಯ ಫಿಯೆಟ್ ಕೊಳ್ಳಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ಎತ್ತಬೇಕಾದ್ದು ಕಾಲಡಿಯ ಮ್ಯಾಟ್. ಪೆಡಲ್‌ಗಳ ಹತ್ತಿರ, ಡ್ರೈವರ್ ಸೀಟಿನ ಕೆಳಗೆ, ಹಿಂದೆ ಕೂತವರು ಕಾಲಿಡುವ ಜಾಗದಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಬೇಕು. ತಗಡು ಗಟ್ಟಿಯಿದ್ದರೆ ಠಣ್ಣೆನ್ನುತ್ತದೆ. ತುಕ್ಕು ತಿಂದಿದ್ದರೆ ಸದ್ದು ಮಂಕಾಗುತ್ತದೆ, ಕೆಲವು ಕಡೆ ಹಿಡಿಯೇ ಒಳಗಿಳಿದು ತೂತಿನಲ್ಲಿ ನೆಲ ಕಾಣುತ್ತದೆ. ಎಂಜಿನ್ ಕೆಟ್ಟಿದ್ದರೆ ಅಷ್ಟು ಹೆದರಬೇಕಾಗಿಲ್ಲ, ಅದನ್ನು ಬಿಚ್ಚಿ ಜೋಡಿಸಬಲ್ಲವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಫ್ಲೋರು ಹೋಗಿದ್ದರೆ ಮಾತ್ರ ಕೊಳ್ಳುವ ಮುಂಚೆ ಎರಡು ಸಲ ಯೋಚಿಸಬೇಕು.

ಜೀಪಿಗೆ, ಲಾರಿಗೆ ಕೆಳಗೊಂದು ಉಕ್ಕಿನ ಚಾಸಿ ಇರುತ್ತದೆ, ಬಾಡಿ ಅದರ ಮೇಲೆ ಕೂತಿರುತ್ತದೆ. 1953ರ ಜಿನೀವಾ ಪ್ರದರ್ಶನದಲ್ಲಿ ಇಟಲಿಯ ಫಿಯೆಟ್ ಕಂಪನಿ ಹೊರತಂದ 1100-103 ಕಾರಿಗೆ ಅಂಥ ಪ್ರತ್ಯೇಕ ಚಾಸಿ ಇಲ್ಲ. ಫ್ಲೋರು, ಬಾಗಿಲ ಕೆಳಗಿನ ಟೊಳ್ಳು ಪಟ್ಟಿ, ಕಂಬಗಳು, ಚಾವಣಿ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡು ಒಟ್ಟಾಗಿ ಭಾರ ಹೊರುತ್ತವೆ. ಬಾಗಿಲ ಕೆಳಗಿನ ಆ ಪಟ್ಟಿಗೆ ಗ್ಯಾರೇಜಿನಲ್ಲಿ ಸಿಲ್ ಎನ್ನುತ್ತಾರೆ. ನೀರು ಇಳಿದುಹೋಗಲು ಅದರ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಕೆಸರು ಕೂತು ಅವು ಮುಚ್ಚಿದರೆ ಮಳೆನೀರು ಒಳಗೇ ನಿಂತು ತಗಡನ್ನು ಒಳಗಿನಿಂದ ತಿನ್ನತೊಡಗುತ್ತದೆ. ಹೊರಗಿನ ಬಣ್ಣ ಆಗಲೂ ಹೊಳೆಯುತ್ತಲೇ ಇರುತ್ತದೆ. ಉಡುಪಿ, ಕಾರವಾರದ ಉಪ್ಪುಗಾಳಿ ಈ ಕೆಲಸವನ್ನು ಬೇಗ ಮುಗಿಸುತ್ತದೆ. ಸಾಗರ, ತೀರ್ಥಹಳ್ಳಿಯ ಮಳೆಗೆ ಸ್ವಲ್ಪ ಹೆಚ್ಚು ಕಾಲ ಬೇಕು. ಬಳ್ಳಾರಿ, ವಿಜಯಪುರದ ಒಣಹವೆಯಲ್ಲಿ ನಿಂತ ಕಾರು ಬಣ್ಣ ಕಳೆದುಕೊಂಡು ಬೋಳಾಗಿದ್ದರೂ ತಗಡು ಉಳಿಸಿಕೊಂಡಿರುತ್ತದೆ. ಬಲ್ಲವರು ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುವ ಮೊದಲು ಯಾವ ಊರಲ್ಲಿತ್ತು ಎಂದು ಕೇಳುವುದು ಇದಕ್ಕೇ.

ಹಳೆಯ ಕಾರು ಎಂದಾಗ ಅರಮನೆಯ ರೋಲ್ಸ್ ರಾಯ್ಸ್‌ಗಳ ಕಡೆ ನಮ್ಮ ಗಮನ ಹೋಗುತ್ತದೆ. ಅವುಗಳಿಗೆ ಒಡೆಯರಿದ್ದಾರೆ, ಹಣವಿದೆ. ನನಗೆ ಕಾಳಜಿ ಇರುವುದು ಸಾಧಾರಣ ಮನೆಗಳ ಮುಂದೆ ಟಾರ್ಪಾಲು ಹೊದ್ದು ನಿಂತಿರುವ ಫಿಯೆಟ್‌ಗಳ ಬಗ್ಗೆ. ವಕೀಲರು, ಡಾಕ್ಟರು, ಕಾಲೇಜು ಮೇಷ್ಟರು ವರ್ಷಗಟ್ಟಲೆ ಕಾದು ಪಡೆದ ಕಾರುಗಳಿವು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದಾಗ ಮನೆಯವರಿಗಾಗಿ ಕೊಂಡದ್ದೂ 1964ರ ಫಿಯೆಟ್ಟನ್ನೇ. ಬೆಲೆ ಸುಮಾರು 12,000 ರೂಪಾಯಿ. ಅದರಲ್ಲಿ 5,000 ರೂಪಾಯಿ ಬ್ಯಾಂಕಿನ ಸಾಲ. ಅವರು ತೀರಿಕೊಂಡ ಮೇಲೆ ಪತ್ನಿ ಲಲಿತಾ ಅವರು ಪಿಂಚಣಿಯಿಂದ ಆ ಸಾಲ ತೀರಿಸಿದರು. ಕಾರು ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ.

ನಮ್ಮ ಫಿಯೆಟ್‌ನ ಹುಟ್ಟಿನಲ್ಲಿ ಮೈಸೂರಿನ ಒಂದು ಎಳೆಯೂ ಇದೆ. ಭಾರತದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಾಕಿಕೊಂಡು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಆ ಯೋಜನೆಗೆ ಕೈಜೋಡಿಸಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರ ಉತ್ತೇಜನ ಕೊಡಲಿಲ್ಲ, ಯುದ್ಧ ಬಂತು, ಕಾರಿನ ಮಾತು ಹಿಂದೆ ಬಿತ್ತು. ಅದೇ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು, ಅದೇ ಇಂದಿನ ಎಚ್ಎಎಲ್. ಕಾರಿನ ಆಸೆ ಪೂರೈಸಿದ್ದು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯಿಂದ, ಮುಂಬಯಿಯ ಕುರ್ಲಾದಲ್ಲಿ. ಆರಂಭದಲ್ಲಿ ಡಾಡ್ಜ್, ಪ್ಲಿಮತ್, ಫಾರ್ಗೊ ಜೋಡಿಸುತ್ತಿದ್ದವರು ಮುಂದೆ ಫಿಯೆಟ್ ಜೊತೆ ಒಪ್ಪಂದ ಮಾಡಿಕೊಂಡರು. 1100 ಮಾದರಿಯ ಕಾರು ಸೆಲೆಕ್ಟ್, ಸೂಪರ್ ಸೆಲೆಕ್ಟ್ ಎಂಬ ಹೆಸರುಗಳಲ್ಲಿ ಬಂತು. 1964ರಲ್ಲಿ ಡಿಲೈಟ್ ಬಂತು. 1970ರ ದಶಕದ ಮೊದಲರ್ಧದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, ಆಮೇಲೆ ಪದ್ಮಿನಿ ಆಯಿತು. ಇಟಲಿಯಲ್ಲಿ 1969ಕ್ಕೇ ನಿಂತುಹೋದ ಕಾರು ನಮ್ಮಲ್ಲಿ 2000ದ ಸುಮಾರಿನವರೆಗೂ ತಯಾರಾಯಿತು.

ಈ ವಂಶಾವಳಿ ತಿಳಿದಿರಲೇಬೇಕು, ಏಕೆಂದರೆ ಸಾಮಾನಿನ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಅದೇ. ಮೂರು ದಶಕಕ್ಕೂ ಹೆಚ್ಚು ಕಾಲ ಆಕಾರ ಹೆಚ್ಚು ಬದಲಾಗದೆ ಬಂದದ್ದರಿಂದ ಪದ್ಮಿನಿಯ ಎಷ್ಟೋ ಸಾಮಾನು ಡಿಲೈಟ್‌ಗೂ ಕೂರುತ್ತದೆ. ಸ್ಟಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರಿಗೆ ಈ ಭಾಗ್ಯವಿಲ್ಲ. ಆದರೆ ಕೂರುವಂತೆ ಕಂಡು ಕೂರದ ಸಾಮಾನೂ ಇದೆ. ಸೂಪರ್ ಸೆಲೆಕ್ಟ್‌ವರೆಗೆ ಮುಂದಿನ ಬಾಗಿಲಿನ ಕೀಲು ಹಿಂಬದಿಗಿತ್ತು, ಬಾಗಿಲು ಹಿಮ್ಮುಖವಾಗಿ ತೆರೆಯುತ್ತಿತ್ತು. ಡಿಲೈಟ್‌ನಿಂದ ಕೀಲು ಮುಂದಕ್ಕೆ ಬಂತು. ಹೀಗಾಗಿ ಬಾಗಿಲು, ಕಂಬ, ಲಾಕು ಯಾವುದೂ ಒಂದರದ್ದು ಇನ್ನೊಂದಕ್ಕಾಗದು.

ಇಂಟರ್‌ನೆಟ್‌ನಲ್ಲಿ ಇಟಲಿಯಿಂದ ಪಿಸ್ಟನ್ ತರಿಸುವವರು ಎಡವುವುದು ಇನ್ನೊಂದು ಕಡೆ. ಅಲ್ಲಿಯ ಕಾರಿಗೂ ನಮ್ಮ ಡಿಲೈಟ್‌ಗೂ ಹೆಸರು ಒಂದೇ, 1100 ಡಿ. ಆದರೆ ಇಟಲಿಯ 1100 ಡಿ ಎಂಜಿನ್ 1221 ಸಿಸಿ, ಸಿಲಿಂಡರಿನ ವ್ಯಾಸ 72 ಮಿ.ಮೀ. ನಮ್ಮ ಡಿಲೈಟ್ ಕೊನೆಯವರೆಗೂ ಹಳೆಯ 1089 ಸಿಸಿ ಎಂಜಿನ್ನನ್ನೇ ಇಟ್ಟುಕೊಂಡಿತು, ವ್ಯಾಸ 68 ಮಿ.ಮೀ. ಎರಡಕ್ಕೂ ಸ್ಟ್ರೋಕ್ 75 ಮಿ.ಮೀ. ಫೋಟೊದಲ್ಲಿ ಎರಡೂ ಪಿಸ್ಟನ್ ಒಂದೇ ಥರ ಕಾಣುತ್ತವೆ. ಕಸ್ಟಮ್ಸ್ ಸುಂಕ ಕಟ್ಟಿ ಬಿಡಿಸಿಕೊಂಡ ಮೇಲೆ ಗೊತ್ತಾದರೆ ಅವುಗಳನ್ನು ಕಪಾಟಿನಲ್ಲಿಡುವುದಷ್ಟೇ ಬಾಕಿ. ಸಾಮಾನು ಹುಡುಕಾಟದಲ್ಲಿ ಹೆಸರಿಗಿಂತ ವರ್ನಿಯರ್ ಕ್ಯಾಲಿಪರನ್ನು ನಂಬಬೇಕು.

ನಮ್ಮ ಮನೆಯ ಕಾರು ಮಾವನವರು ಶಿವಮೊಗ್ಗದಲ್ಲಿ ವಕೀಲಿ ಮಾಡುತ್ತಿದ್ದಾಗ ಕೊಂಡದ್ದು, 1968ರ ಡಿಲೈಟ್. ಮಲೆನಾಡಿನ ಮಳೆ ಎರಡೂ ಸಿಲ್‌ಗಳನ್ನು ತಿಂದಿತ್ತು. ಟಿಂಕರಿಂಗ್ ಶೆಡ್‌ನಲ್ಲಿ ಅವುಗಳನ್ನು ಕತ್ತರಿಸುವ ದಿನ ಮೇಸ್ತ್ರಿ ಗ್ರೈಂಡರ್ ಮುಟ್ಟಲೇ ಇಲ್ಲ. ಬೆಳಗ್ಗೆಯಿಡೀ ಕಬ್ಬಿಣದ ಆಂಗಲ್‌ಗಳನ್ನು ಅಳತೆಗೆ ಕತ್ತರಿಸಿ, ಬಾಗಿಲಿಲ್ಲದ ಚೌಕಟ್ಟಿಗೆ ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಟ್ಯಾಕ್ ಹಾಕುತ್ತಾ ಕೂತರು.

“ಇದ್ಯಾಕೆ ಮೇಸ್ತ್ರಿ?” ಎಂದೆ.

“ಸಿಲ್ ತೆಗೆದ್ರೆ ನಡು ಜಗ್ಗುತ್ತೆ ಸಾರ್. ಹೊಸದು ಹಾಕಿದ ಮೇಲೆ ಬಾಗಿಲು ಕೂರಲ್ಲ. ಆಮೇಲೆ ಬಾಗಿಲನ್ನ ಉಜ್ಜಿ ಉಜ್ಜಿ ಕೂರಿಸ್ತಾರೆ, ಅದು ಕೆಲಸ ಅಲ್ಲ.”

ಚಾಸಿ ಇಲ್ಲದ ಕಾರಿನ ಇಡೀ ಎಂಜಿನಿಯರಿಂಗ್ ಆ ಮಾತಿನಲ್ಲಿತ್ತು. ಆಮೇಲೆ ಅವರು ರಟ್ಟಿನಲ್ಲಿ ನಮೂನೆ ಕತ್ತರಿಸಿ, 20 ಗೇಜಿನ ತಗಡಿನ ಮೇಲೆ ಗೀರಿ, ಅಂಚನ್ನು ಮರದ ಸುತ್ತಿಗೆಯಿಂದ ಬಗ್ಗಿಸಿದರು. ಒಂದು ಕೈಯಲ್ಲಿ ಡಾಲಿ ಎಂಬ ಉಕ್ಕಿನ ಗಟ್ಟಿ, ತಗಡಿನ ಹಿಂದೆ. ಇನ್ನೊಂದು ಕೈಯಲ್ಲಿ ಸುತ್ತಿಗೆ, ತಗಡಿನ ಮುಂದೆ. ಕಣ್ಣಿಗೆ ಕಾಣದ ಹಿಂದಿನ ಕೈ ಮುಂದಿನ ಏಟು ಬೀಳುವ ಕಡೆಗೇ ಜಾರುತ್ತಿರುತ್ತದೆ. ಬೆರಳ ತುದಿಯಿಂದ ಸವರಿ ಉಬ್ಬು ಹುಡುಕುತ್ತಾರೆ. ವೆಲ್ಡಿಂಗನ್ನು ಒಂದೇ ಗೆರೆಯಾಗಿ ಎಳೆಯುವುದಿಲ್ಲ. ಇಲ್ಲೊಂದು ಚುಕ್ಕೆ, ಒಂದಡಿ ಆಚೆ ಇನ್ನೊಂದು, ನಡುವೆ ಮತ್ತೊಂದು. ಒಂದೇ ಕಡೆ ಕಾದರೆ ತೆಳು ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ.

ಇಂಥ ಕೆಲಸಕ್ಕೆ ಎದುರಾಗಿ ನಿಂತಿರುವುದು ಪುಟ್ಟಿ. ತೂತಿನ ಮೇಲೆ ಜಾಲರಿ ಅಂಟಿಸಿ, ಬೆರಳು ದಪ್ಪ ಪುಟ್ಟಿ ಬಳಿದು, ಉಜ್ಜಿ, ಬಣ್ಣ ಹೊಡೆದರೆ ಎರಡು ಮಳೆಗಾಲ ಚೆನ್ನಾಗಿರುತ್ತದೆ. ಅಷ್ಟರಲ್ಲಿ ಕಾರು ಮಾರಾಟವಾಗಿರುತ್ತದೆ. ಫಿಯೆಟ್ ನೋಡಲು ಹೋಗುವಾಗ ಜೇಬಿನಲ್ಲಿ ಸಣ್ಣ ಮ್ಯಾಗ್ನೆಟ್, ಅದಕ್ಕೊಂದು ಕಾಗದದ ಸುತ್ತು ಇರಲಿ. ತಗಡಿರುವಲ್ಲಿ ಹಿಡಿಯುತ್ತದೆ, ಪುಟ್ಟಿ ಇರುವಲ್ಲಿ ಜಾರಿ ಬೀಳುತ್ತದೆ.

ಎಂಜಿನ್ ಬಗ್ಗೆ ಹೆದರಬೇಡಿ ಎಂದೆ. ಆದರೆ ಅದಕ್ಕೂ ಒಂದು ಮರ್ಮಸ್ಥಾನವಿದೆ. ಬ್ಲಾಕು ಬೀಡುಕಬ್ಬಿಣದ್ದು, ಹೆಡ್ಡು ಅಲ್ಯೂಮಿನಿಯಂನದ್ದು. ಎರಡು ಲೋಹ ಬಿಸಿಗೆ ಹಿಗ್ಗುವ ಪ್ರಮಾಣ ಬೇರೆ ಬೇರೆ. ರೇಡಿಯೇಟರಿಗೆ ಕೂಲೆಂಟ್ ಬದಲು ಬೋರ್‌ವೆಲ್ಲಿನ ಗಡಸು ನೀರು ಸುರಿಯುವುದು ನಮ್ಮಲ್ಲಿ ಸಾಮಾನ್ಯ. ಸುಣ್ಣ ಕಟ್ಟಿ ನೀರಿನ ದಾರಿ ಕಿರಿದಾಗುತ್ತದೆ, ಜೊತೆಗೆ ಅಲ್ಯೂಮಿನಿಯಂ ಸವೆದು ಹೆಡ್ಡಿನ ನೀರಿನ ತೂತುಗಳ ಸುತ್ತ ಗುಳಿ ಬೀಳುತ್ತದೆ. ಘಾಟಿಯಲ್ಲಿ ಒಮ್ಮೆ ಎಂಜಿನ್ ಕುದಿಯಿತು ಎಂದರೆ ಹೆಡ್ಡು ಬಾಗಿ ಗ್ಯಾಸ್ಕೆಟ್ ಸುಡುತ್ತದೆ. ಗ್ಯಾಸ್ಕೆಟ್ ಮಾತ್ರ ಬದಲಿಸಿ ಕಳಿಸುವ ಗ್ಯಾರೇಜಿಗೆ ಅದೇ ಕಾರು ಮತ್ತೆ ಬರುತ್ತದೆ. ಒಳ್ಳೆಯ ಮೆಷಿನ್ ಶಾಪಿನವರು ಹೆಡ್ಡನ್ನು ಕವುಚಿ, ಮೇಲೆ ನೇರ ಪಟ್ಟಿಯಿಟ್ಟು, ಸಂದಿಗೆ ಫೀಲರ್ ಗೇಜಿನ ಎಲೆ ತೂರಿಸಿ ನೋಡುತ್ತಾರೆ. ಗುಳಿಗಳನ್ನು ಆರ್ಗಾನ್ ವೆಲ್ಡಿಂಗಿನಿಂದ ತುಂಬಿಸಿ ಆಮೇಲೆ ಫೇಸಿಂಗ್ ಮಾಡುತ್ತಾರೆ. ಅದೂ ಎಷ್ಟು ಬೇಕೋ ಅಷ್ಟೇ. ಹಿಂದಿನವರು ಎಷ್ಟು ಸಲ ಸವೆಸಿದ್ದಾರೋ ಯಾರಿಗೆ ಗೊತ್ತು? ಹೆಡ್ಡು ತೆಳುವಾದಷ್ಟೂ ಕಂಪ್ರೆಶನ್ ಏರುತ್ತದೆ, ಎಂಜಿನ್ ನಾಕ್ ಮಾಡುತ್ತದೆ.

ಇನ್ನು ಸಾಮಾನಿನ ಬೇಟೆ. ಬೆಂಗಳೂರಿನವರಿಗೆ ಅದು ಜೆ.ಸಿ. ರಸ್ತೆಯಲ್ಲಿ ಶುರುವಾಗುತ್ತದೆ. ಮುಖ್ಯರಸ್ತೆಯ ಹೊಳೆಯುವ ಅಂಗಡಿಗಳಲ್ಲಿ ಸೀಟ್ ಕವರು, ಮ್ಯೂಸಿಕ್ ಸಿಸ್ಟಮ್ ತುಂಬಿದೆ. ನಮಗೆ ಬೇಕಾದ್ದು ಹಿಂದಿನ ಓಣಿಗಳಲ್ಲಿ, ಮೆಟ್ಟಿಲ ಕೆಳಗಿನ ಕತ್ತಲೆ ಅಂಗಡಿಗಳಲ್ಲಿ ಇರುತ್ತದೆ. ಕೌಂಟರಿನ ಹಿಂದೆ ಹಿರಿಯರೊಬ್ಬರು ಕೂತಿರುತ್ತಾರೆ. ಹಿಂದಿನ ಆಕ್ಸಲ್ಲಿನ ಆಯಿಲ್ ಸೀಲ್ ಬೇಕೆಂದು ನಾನು ಕೇಳಿದ್ದು ಅಂಥವರೊಬ್ಬರನ್ನು.

“ಸೆಲೆಕ್ಟಾ, ಡಿಲೈಟಾ, ಪದ್ಮಿನೀನಾ?”

“ಡಿಲೈಟ್ ಯಜಮಾನ್ರೇ, ಅರವತ್ತೆಂಟರದ್ದು.”

“ಹಳೇದು ತಂದಿದೀರಾ? ಹಳೇದು ನೋಡ್ದೆ ನಾನು ಕೊಡಲ್ಲ.”

ತಂದಿದ್ದೆ. ಅವರು ಕನ್ನಡಕ ಹಾಕಿಕೊಳ್ಳಲಿಲ್ಲ. ಎಣ್ಣೆ ಹತ್ತಿದ ಸೀಲಿನ ಒಳಅಂಚಿನ ಮೇಲೆ ಹೆಬ್ಬೆರಳನ್ನು ಒಂದು ಸುತ್ತು ಆಡಿಸಿ, ಒಂದು ಕಡೆ ನಿಲ್ಲಿಸಿ, “ಸೀಲ್ ಹೋಗಿಲ್ಲ ಇವ್ರೇ, ಶಾಫ್ಟ್ ಗೀರಾಗಿದೆ. ಹೊಸಾ ಸೀಲ್ ಹಾಕಿದ್ರೂ ಸೋರುತ್ತೆ. ಮೊದ್ಲು ಲೇತಿಗೆ ಕೊಡಿ,” ಎಂದರು. ನೂರಾರು ರೂಪಾಯಿಯ ವ್ಯಾಪಾರ ಬಿಟ್ಟು ಹೇಳಿದ ಮಾತು. ಶಾಫ್ಟ್ ಬಿಚ್ಚಿ ನೋಡಿದರೆ ಸೀಲು ಕೂರುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಇತ್ತು.

ಅಂಥ ಅಂಗಡಿಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆದಿಡುತ್ತೇನೆ, ಹೊಸಬರಿಗೆ ಉಪಯೋಗಕ್ಕೆ ಬಂದೀತು. ಫಿಯೆಟ್‌ನ ಎಲ್ಲ ಸಾಮಾನೂ ಫಿಯೆಟ್‌ನದ್ದಲ್ಲ. ಬೇರಿಂಗು ಲೋಕಕ್ಕೆಲ್ಲ ಒಂದೇ ಅಳತೆಯದು. ಮೇಲೆ 6204 ಎಂದಿದ್ದರೆ ಒಳವ್ಯಾಸ 20, ಹೊರವ್ಯಾಸ 47, ದಪ್ಪ 14 ಮಿ.ಮೀ. ಅದು ಯಾವ ಕಾರಿನಿಂದ ಬಂತು ಎಂದು ಹೇಳುವ ಅಗತ್ಯವೇ ಇಲ್ಲ, ನಂಬರ್ ಹೇಳಿದರೆ ನೀರಿನ ಪಂಪಿನ ಅಂಗಡಿಯವರೂ ಕೊಡುತ್ತಾರೆ. ಆಯಿಲ್ ಸೀಲುಗಳ ಮೇಲೂ ಅಳತೆ ಅಚ್ಚಾಗಿರುತ್ತದೆ. ಸೆಲ್ಫ್ ಮೋಟಾರು, ಡೈನಮೊ, ಡೆಲ್ಕೊ ಎಂಬ ಡಿಸ್ಟ್ರಿಬ್ಯೂಟರ್ ಮುಂತಾದ ವಿದ್ಯುತ್ತಿನ ಸಾಮಾನಿಗೆ ಲ್ಯೂಕಾಸ್-ಟಿವಿಎಸ್ ಬಲ್ಲ ಹಳೆಯ ಆಟೊ ಎಲೆಕ್ಟ್ರಿಷಿಯನ್ ಸಾಕು. ಸ್ಪಾರ್ಕ್ ಪ್ಲಗ್ ಎಂದರೆ ಒಂದು ಕಾಲಕ್ಕೆ ನಮ್ಮ ಆಡುಗೋಡಿಯ ಮೈಕೊ ಕಂಪನಿಯದ್ದು. ಪಿಸ್ಟನ್ ರಿಂಗುಗಳು ಯಲಹಂಕದಲ್ಲೇ ತಯಾರಾಗುತ್ತಿದ್ದವು. ಹಳೆಯ ಡಬ್ಬಿಗಳ ಮೇಲೆ ಬೆಂಗಳೂರಿನ ವಿಳಾಸ ಕಂಡಾಗ ಈ ಕಾರು ಇಟಲಿಯದೋ ನಮ್ಮದೋ ಎಂಬ ಮಾತೇ ಉಳಿಯುವುದಿಲ್ಲ.

ಹಳೇ ಸ್ಟಾಕ್ ಸಿಕ್ಕಿತೆಂದು ಹಿಗ್ಗುವ ಮುಂಚೆ ಅದು ಲೋಹವೋ ರಬ್ಬರೋ ನೋಡಬೇಕು. ಗ್ರೀಸಿನಲ್ಲಿ ಮುಳುಗಿಸಿ, ಮೇಣದ ಕಾಗದ ಸುತ್ತಿಟ್ಟ ಕಿಂಗ್‌ಪಿನ್ ಸೆಟ್ ನಲವತ್ತು ವರ್ಷ ಕಳೆದರೂ ಹೊಸದೇ. ಅದೇ ಅಂಗಡಿಯ ಅದೇ ಕಪಾಟಿನ ಬ್ರೇಕಿನ ರಬ್ಬರ್ ಕಪ್ಪುಗಳು ಸೀಲು ಒಡೆಯದ ಡಬ್ಬಿಯಲ್ಲೇ ಗಟ್ಟಿಯಾಗಿ ಸತ್ತಿರುತ್ತವೆ. ಬ್ರೇಕಿಗೆ ಈಚೆಗೆ ತಯಾರಾದ ರಬ್ಬರೇ ಬೇಕು. ವೀಲ್ ಸಿಲಿಂಡರಿನ ಒಳವ್ಯಾಸ ಅಳೆದರೆ ಬೇರೆ ಗಾಡಿಯ ಅದೇ ಅಳತೆಯ ಕಪ್ಪು ಹೊಂದುತ್ತದೆ. ಸಿಲಿಂಡರ್ ತುಕ್ಕು ಹಿಡಿದು ಗುಳಿಯಾಗಿದ್ದರೆ ಲೇತಿನಲ್ಲಿ ಸ್ಲೀವ್ ಹಾಕಿಸಬೇಕು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಕಾರು ಇದು. ಬ್ರೇಕು, ಸ್ಟೀರಿಂಗು ಎರಡರಲ್ಲಿ ಹೇಗೋ ಹೊಂದಿಸಿದರಾಯಿತು ಎನ್ನುವ ಮನೋಭಾವ ಬೇಡವೇ ಬೇಡ.

ಸ್ಟೀರಿಂಗಿಗೆ ಅಂಟಿಕೊಂಡ ಗೇರ್ ಲಿವರ್ ಲೊಡಲೊಡ ಎನ್ನತೊಡಗಿದರೆ ಬಹುಮಂದಿ ಅದನ್ನು ಕಿತ್ತು ಫ್ಲೋರ್ ಗೇರ್ ಹಾಕಿಸುತ್ತಾರೆ. ಸವೆದಿರುವುದು ಸಾಮಾನ್ಯವಾಗಿ ಲಿಂಕೇಜಿನ ಸಣ್ಣ ಬುಷ್‌ಗಳು ಮಾತ್ರ. ನೈಲಾನ್ ರಾಡ್ ತಂದುಕೊಟ್ಟರೆ ಲೇತಿನವರು ಒಂದು ಮಧ್ಯಾಹ್ನದಲ್ಲಿ ಕಡೆದುಕೊಡುತ್ತಾರೆ. ಇಷ್ಟು ಸಣ್ಣ ಕೆಲಸ ಮಾಡಿಸದೆ ಕಾರಿನ ಚಾಲನೆಯ ರೀತಿಯನ್ನೇ ಬದಲಿಸುವುದು ನನಗೆ ಸಂಕಟದ ವಿಷಯ.

ನಿಜಕ್ಕೂ ಕಷ್ಟಪಡಿಸುವುದು ಓಡುವ ಸಾಮಾನಲ್ಲ, ಕಾಣುವ ಸಾಮಾನು. ಟೇಲ್ ಲ್ಯಾಂಪಿನ ಕೆಂಪು ಗಾಜು, ಮುಂಗಾಜಿನ ಬೀಡಿಂಗು, ಬಾಗಿಲ ಹಿಡಿ, ಪಕ್ಕದ ಹೊಳೆಯುವ ಪಟ್ಟಿ, ಡ್ಯಾಶ್‌ಬೋರ್ಡಿನ ಗುಬಟು. ಇವು ಬೇರೆ ಯಾವ ಗಾಡಿಯಲ್ಲೂ ಇಲ್ಲ. ಇವಕ್ಕಾಗಿ ಊರೂರು ಅಲೆಯಬೇಕು: ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ, ಕೋಲ್ಕತ್ತದ ಮಲ್ಲಿಕ್ ಬಜಾರ್, ಮುಂಬಯಿಯ ಕುರ್ಲಾ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಿದ್ದಷ್ಟು ಕಾಲ ಕುರ್ಲಾ ನಮ್ಮ ಪಾಲಿಗೆ ಅಕ್ಷಯಪಾತ್ರೆಯಾಗಿತ್ತು. ದಿನವೂ ಓಡುವ ಸಾವಿರಾರು ಪದ್ಮಿನಿಗಳಿಗಾಗಿ ಸಾಮಾನು ತಯಾರಾಗುತ್ತಲೇ ಇತ್ತು. ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದದ್ದರಿಂದ 2023ರ ಅಕ್ಟೋಬರ್ 30ಕ್ಕೆ ಆ ಅಧ್ಯಾಯ ಮುಗಿಯಿತು. ಬೇಡಿಕೆ ಹೋದರೆ ತಯಾರಿಕೆ ನಿಲ್ಲುತ್ತದೆ. ಈಗ ಇರುವುದು ಕಪಾಟುಗಳಲ್ಲಿ ಉಳಿದದ್ದು ಮತ್ತು ಬಿಚ್ಚಿದ ಕಾರುಗಳಿಂದ ಬಂದದ್ದು.

ಹಾಗಾಗಿ ಕಾರಿನ ಜೊತೆ ಬಂದ ಸಾಮಾನನ್ನು ಎಸೆಯುವ ಹಕ್ಕು ನಮಗಿಲ್ಲ ಎಂದೇ ನಾನು ನಂಬಿದ್ದೇನೆ. ಬಿರುಕುಬಿಟ್ಟ ಗುಬಟನ್ನು ಸ್ಕ್ಯಾನ್ ಮಾಡಿ ತ್ರೀಡಿ ಪ್ರಿಂಟರಿನಲ್ಲಿ ಹೊಸದು ತೆಗೆಯಬಹುದು, ಆದರೆ ಸ್ಕ್ಯಾನ್ ಮಾಡಲು ಬಿರುಕುಬಿಟ್ಟದ್ದಾದರೂ ಬೇಕಲ್ಲ. ಕ್ರೋಮ್ ಹಿಡಿಗಳದ್ದು ಇನ್ನಷ್ಟು ನಾಜೂಕು. ಸತುವಿನ ಎರಕದ ಹಿಡಿಗಳನ್ನು ಪ್ಲೇಟಿಂಗ್‌ಗೆ ಕೊಟ್ಟಾಗ ಹಳೆಯ ಪದರ ತೆಗೆಯಲು ಆಸಿಡ್ಡಿನಲ್ಲಿ ಅದ್ದುತ್ತಾರೆ. ಕ್ಷಣ ಹೆಚ್ಚಾದರೂ ಆಸಿಡ್ಡು ಹಿಡಿಯನ್ನೇ ತಿನ್ನುತ್ತದೆ. ನಮ್ಮ ಕಾರಿನ ಒಂದು ಹಿಡಿ ಹಾಗೆ ಹೋಯಿತು, ಇನ್ನೊಂದು ಸಾಮಾನು ಆ ಅಂಗಡಿಯಿಂದ ವಾಪಸ್ಸೇ ಬರಲಿಲ್ಲ. ಸರಿಯಾದ ಕೆಲಸವೆಂದರೆ ಒಳಗೆ ತಾಮ್ರ, ಅದರ ಮೇಲೆ ನಿಕಲ್, ಕೊನೆಗೆ ತೆಳ್ಳಗೆ ಕ್ರೋಮ್. ತಾಮ್ರದ ಪದರ ಬಿಟ್ಟು ಅಗ್ಗಕ್ಕೆ ಮಾಡಿಕೊಟ್ಟದ್ದು ವರ್ಷದೊಳಗೆ ಸುಲಿಯುತ್ತದೆ. ಕೊಡುವ ಮುಂಚೆ ಪ್ರತಿಯೊಂದರ ಫೋಟೊ ತೆಗೆದು, ಎಣಿಸಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಬಣ್ಣದ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸದು. ಈಗಿನ ಪಾಲಿಯುರೇಥೇನ್ ಬಣ್ಣ ಹೊಡೆಸಿ ಕನ್ನಡಿಯಂತೆ ಹೊಳೆಯಿಸಿದ ಫಿಯೆಟ್‌ಗಳು ರ್‍ಯಾಲಿಗಳಲ್ಲಿ ಬಹುಮಾನ ಗೆಲ್ಲುತ್ತವೆ. ಆದರೆ ಕುರ್ಲಾದ ಕಾರ್ಖಾನೆಯಿಂದ ಯಾವ ಕಾರೂ ಹಾಗೆ ಹೊರಬಂದಿರಲಿಲ್ಲ. ಮೂಲ ಬಣ್ಣ ಯಾವುದೆಂದು ತಿಳಿಯಲು ಡ್ಯಾಶ್‌ಬೋರ್ಡಿನ ಒಳಬದಿ, ಬಾಗಿಲ ಲಾಕಿನ ತಟ್ಟೆಯ ಅಡಿ, ಡಿಕ್ಕಿಯ ಕೀಲಿನ ಸಂದಿ ನೋಡಬೇಕು. ಬಿಸಿಲು ಕಾಣದ ಆ ಜಾಗಗಳಲ್ಲಿ ಮೊದಲ ದಿನದ ಬಣ್ಣ ಹಾಗೇ ಇರುತ್ತದೆ. ಉಳಿಸಬಹುದಾದ ಹಳೆಯ ಬಣ್ಣವಿದ್ದರೆ ಪಾಲಿಶ್ ಮಾಡಿ ಬಿಡುವುದೇ ಒಳ್ಳೆಯದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದು ಹೇಳುವುದೂ ಇದನ್ನೇ: ಮೊದಲು ಸಂರಕ್ಷಣೆ, ಅದು ಸಾಲದಾದಾಗ ಪುನರುಜ್ಜೀವನ. ಆ ಟ್ಯೂರಿನ್ ಫಿಯೆಟ್‌ನ ಹುಟ್ಟೂರೂ ಹೌದು. ಧರ್ಮಸ್ಥಳದಲ್ಲೂ 2023ರಲ್ಲಿ ಶ್ರೀರಂಗಪಟ್ಟಣದ ಬಳಿ ಹೆದ್ದಾರಿ ಪಕ್ಕ ತೆರೆದ ಪಯಣ ಸಂಗ್ರಹಾಲಯದಲ್ಲೂ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳಿವೆ. ಕಾರು ಹೇಗಿತ್ತು ಎಂಬುದನ್ನು ಕಣ್ಣಾರೆ ನೋಡಬಯಸುವವರು ಒಂದು ದಿನ ಬಿಡುವು ಮಾಡಿಕೊಂಡು ಹೋಗಬೇಕು.

ಕಾನೂನೂ ಮೂಲ ರೂಪದ ಪರವಾಗಿಯೇ ಇದೆ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗದ ಕಾರು ವಿಂಟೇಜ್ ಎನಿಸಿಕೊಳ್ಳುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ, ಮರುನೋಂದಣಿಗೆ 5,000. ಹೊಸದಾಗಿ ಕೊಡುವ ನಂಬರಿನಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ. ಮೊದಲೇ ನೋಂದಣಿಯಾದ ಕಾರುಗಳು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಎಂವೈ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರಿರುವವರು ಅದನ್ನು ಬಿಟ್ಟುಕೊಡಬೇಡಿ. ಆದರೆ ವಿಂಟೇಜ್ ನೋಂದಣಿಯ ಕಾರನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕಷ್ಟೇ ಅವಕಾಶ. 1980ರ ದಶಕದ ಪದ್ಮಿನಿಗೆ ಈ ನಿಯಮ ಅನ್ವಯಿಸದು, ಅದಕ್ಕೆ ಐದೈದು ವರ್ಷಕ್ಕೆ ನವೀಕರಣವೇ ಗತಿ. ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಂದು ಹೆಚ್ಚು ಅಪಾಯದಲ್ಲಿರುವುದು ಈ ನಡುವಯಸ್ಸಿನ ಕಾರುಗಳೇ. ವಿಂಟೇಜ್ ಅಲ್ಲ, ಹೊಸದೂ ಅಲ್ಲ, ಗುಜರಿಗೆ ಹಾಕು ಎನ್ನುವವರು ಮನೆಯಲ್ಲೇ ಇರುತ್ತಾರೆ.

ರಸ್ತೆಗಿಳಿದ ಮೇಲೂ ಗಮನ ಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ನೀರನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ತುಕ್ಕು ಹಿಡಿಸುತ್ತದೆ, ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ ಎರಡನ್ನೂ ಮೆತ್ತಗಾಗಿಸುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಎಥೆನಾಲ್ ತಡೆಯುವ ಪೈಪುಗಳನ್ನು ಈಗಲೇ ಹಾಕಿಸಿ, ಟ್ಯಾಂಕನ್ನು ಖಾಲಿ ಬಿಡಬೇಡಿ. ಟೈರ್ ಮೂಲದಲ್ಲಿ 5.20-14. ಆ ಅಳತೆ ಸಿಕ್ಕಿದರೂ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಅಂಗಡಿಯಲ್ಲೇ ಮುದಿಯಾದ ಟೈರಿನ ಟ್ರೆಡ್ ಆಳವಾಗಿದ್ದೂ ಪ್ರಯೋಜನವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಕಾಡುವುದು ಸಾಮಾನಿನ ಕೊರತೆಯಲ್ಲ. ಬುಷ್ ಕಡೆಯಬಹುದು, ತಗಡು ಬಗ್ಗಿಸಬಹುದು, ರಬ್ಬರ್ ಅಚ್ಚು ಹಾಕಿಸಬಹುದು. ಅದನ್ನು ಮಾಡುವ ಕೈಗಳು ಕಡಿಮೆಯಾಗುತ್ತಿವೆ. ನಮ್ಮ ಮೇಸ್ತ್ರಿಯ ಮಗ ಇನ್ಶೂರೆನ್ಸ್ ಕೆಲಸದ ಬಾಡಿಶಾಪಿನಲ್ಲಿದ್ದಾನೆ. ಅಲ್ಲಿ ಬಾಗಿದ ತಗಡನ್ನು ನೆಟ್ಟಗೆ ಮಾಡುವುದಿಲ್ಲ, ಹೊಸ ಪ್ಯಾನೆಲ್ ತರಿಸಿ ಹಾಕುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಸಂಬಳ ಚೆನ್ನಾಗಿದೆ. ಡಾಲಿ ಹಿಡಿದು ತಿಂಗಳುಗಟ್ಟಲೆ ಒಂದು ಕಾರಿನ ಮುಂದೆ ಕೂರುವ ಕೆಲಸಕ್ಕೆ ಕಾರಿನ ಮಾಲೀಕರು ಚೌಕಾಸಿ ಮಾಡುತ್ತಾರೆ. ಆಮದು ಮಾಡಿದ ಲ್ಯಾಂಪಿಗೆ ಕೇಳಿದಷ್ಟು ಕೊಡುವವರು ಕೂಲಿಯಲ್ಲಿ ನೂರು ರೂಪಾಯಿ ಹಿಡಿಯುತ್ತಾರೆ. ಇದನ್ನು ನಾವು ನಿಲ್ಲಿಸಬೇಕು. ಜೊತೆಗೆ ಆ ಕೆಲಸವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಡಬೇಕು: ಡಾಲಿ ಹಿಡಿದ ಕೈಯ ಕೋನ, ಕಿಂಗ್‌ಪಿನ್ ಬುಷ್ ರೀಮ್ ಮಾಡುವಾಗ ಎಷ್ಟು ಬಿಗಿ ಸಾಕು, ಡೆಲ್ಕೊ ಪಾಯಿಂಟಿನ ಸಂದಿ ಹೊಂದಿಸುವ ಬಗೆ. ಇವು ಯಾವ ಪುಸ್ತಕದಲ್ಲೂ ಕನ್ನಡದಲ್ಲಿ ಸಿಗುವುದಿಲ್ಲ.

ನಮ್ಮ ಡಿಲೈಟ್‌ನ ಸ್ಟೀರಿಂಗ್ ಬಾಕ್ಸನ್ನು ಮಳೆಗಾಲಕ್ಕೆ ಮುಂಚೆ ಬಿಚ್ಚುವುದೆಂದು ಮೇಸ್ತ್ರಿ ದಿನ ಗೊತ್ತು ಮಾಡಿದ್ದಾರೆ. ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಡಿಪ್ಲೊಮಾ ಓದುತ್ತಿರುವ ಇಬ್ಬರು ಹುಡುಗರು ನೋಡಲು ಬರುತ್ತೇವೆಂದಿದ್ದಾರೆ. “ನೋಡೋಕಾದ್ರೆ ಬೇಡ, ಪಾನಾ ಹಿಡಿಯೋಕೆ ಬರ್ಲಿ,” ಎಂದು ಮೇಸ್ತ್ರಿ ಹೇಳಿ ಕಳಿಸಿದ್ದಾರೆ. ಇಬ್ಬರೂ ಒಪ್ಪಿದ್ದಾರೆ.